‘ಡ್ಯೂಪ್ ಇಲ್ಲದೆ ಮಾಡಿದ್ದಾರೆ’ ಎಂದು ನಾವೇಕೆ ಹೊಗಳುತ್ತೇವೆ?

ಮಾಗಡಿ ರಸ್ತೆಯವ

ಕಳೆದ ಭಾನುವಾರ ಊಟದ ಹೊತ್ತಿಗೆ ನಮ್ಮ ಮನೆಯಲ್ಲಿ ಶುರುವಾದ ಜಗಳ ಇನ್ನೂ ಮುಗಿದಿಲ್ಲ. ಅದನ್ನೇ ಇಲ್ಲಿಗೆ ತಂದಿದ್ದೇನೆ. ನನ್ನ ತಂಗಿಯ ಮಗನಿಗೆ ಹದಿನೇಳು ವರ್ಷ, ಡಿಪ್ಲೊಮಾ ಓದುತ್ತಿದ್ದಾನೆ. ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಬೈಕಿನ ಮುಂದಿನ ಚಕ್ರ ಎತ್ತಿಕೊಂಡು ಹೋಗುವ ವಿಡಿಯೊ ಹಾಕಿದ್ದ. ಹೆಲ್ಮೆಟ್ ಇಲ್ಲ, ನಂಬರ್ ಪ್ಲೇಟ್ ಮಡಚಿದೆ, ಹಿಂದೆ ಯಾವುದೋ ಹಾಡು. ನಾನು ಬೈದೆ. ಅವನು ತಟ್ಟೆಯಿಂದ ತಲೆ ಎತ್ತದೆ ಹೇಳಿದ: “ಮಾವ, ಸಿನಿಮಾದಲ್ಲಿ ಡ್ಯೂಪ್ ಇಲ್ಲದೆ ಮಾಡಿದರೆ ನೀವೇ ಶಿಳ್ಳೆ ಹೊಡೆಯುತ್ತೀರಲ್ಲ.”

ಹೊಡೆದಿದ್ದೇನೆ. ಸುಳ್ಳು ಹೇಳಲಾರೆ. ಆದರೆ ಆ ಮಾತು ಕೇಳಿದ ಕೂಡಲೇ ನನಗೆ ನೆನಪಾದದ್ದು ಚಿತ್ರಮಂದಿರವಲ್ಲ, ತಿಪ್ಪಗೊಂಡನಹಳ್ಳಿ.

2016ರ ನವೆಂಬರ್ 7, ಸೋಮವಾರ. ಅರ್ಕಾವತಿಗೆ ಕುಮುದ್ವತಿ ಸೇರುವಲ್ಲಿ 1933ರಲ್ಲಿ ಕಟ್ಟಿ ಮುಗಿಸಿದ, ಬೆಂಗಳೂರಿಗೆ ದಶಕಗಳ ಕಾಲ ನೀರು ಕುಡಿಸಿದ ಜಲಾಶಯ ಅದು. ಅಂದು ಅಲ್ಲಿ ‘ಮಾಸ್ತಿಗುಡಿ’ ಚಿತ್ರದ ಕ್ಲೈಮ್ಯಾಕ್ಸ್ ಚಿತ್ರೀಕರಣ ನಡೆದಿತ್ತು. ಹೆಲಿಕಾಪ್ಟರಿನಿಂದ ನಾಯಕ ದುನಿಯಾ ವಿಜಯ್, ಖಳನಟರಾದ ಅನಿಲ್ ಮತ್ತು ಉದಯ್ ನೀರಿಗೆ ಜಿಗಿದರು. ವಿಜಯ್ ಬದುಕಿ ದಡ ಸೇರಿದರು. ಉಳಿದ ಇಬ್ಬರು ಕೆಲವು ಕ್ಷಣ ಕೈ ಬಡಿದು ಮುಳುಗಿದರು. ಅವರ ಮೈಮೇಲೆ ಜೀವರಕ್ಷಕ ಜಾಕೆಟ್ ಇರಲಿಲ್ಲ. ಈಜು ಅಷ್ಟಾಗಿ ಬಾರದು ಎಂಬುದನ್ನು ಜಿಗಿಯುವ ಮೊದಲೇ ಟಿ.ವಿ. ಮೈಕಿನ ಮುಂದೆ ಹೇಳಿಕೊಂಡಿದ್ದರು. ಹೇಳಿದ್ದನ್ನು ಕೇಳಿಸಿಕೊಂಡವರು ಎಷ್ಟು ಜನ ಇದ್ದರು ನೋಡಿ: ಮೈಕು ಹಿಡಿದವರು, ಕ್ಯಾಮೆರಾ ಹಿಡಿದವರು, ದಡದಲ್ಲಿ ನಿಂತಿದ್ದ ಇಡೀ ತಂಡ.

ಮರುದಿನ ಬೆಳಗ್ಗೆ ನಾನು ಅಲ್ಲಿಗೆ ಹೋದೆ. ಯಾಕೆ ಹೋದೆ ಎಂದು ಕೇಳಿದರೆ ಮರ್ಯಾದೆಯ ಉತ್ತರ ನನ್ನ ಬಳಿ ಇಲ್ಲ. ಪೊಲೀಸರು ತಡೆದ ಜಾಗದಿಂದ ಆಚೆಗೆ ಜಾತ್ರೆಯಷ್ಟು ಜನ. ಕಡಲೆಕಾಯಿ ಮಾರುವವನೊಬ್ಬ ಬಂದಿದ್ದ. ಎಲ್ಲರ ಕೈಯಲ್ಲೂ ಮೊಬೈಲ್, ನನ್ನ ಕೈಯಲ್ಲೂ. ಅದೇ ರಾತ್ರಿ 500, 1000 ರೂಪಾಯಿಯ ನೋಟುಗಳು ರದ್ದಾದವು. ಉದಯ್ ಅವರ ದೇಹ 9ರಂದು ಸಿಕ್ಕಿತು. ಅನಿಲ್ ಅವರದು 10ರಂದು, ನಾವೆಲ್ಲ ಹಳೆಯ ನೋಟು ಹಿಡಿದು ಬ್ಯಾಂಕಿನ ಮುಂದೆ ಸಾಲು ನಿಂತ ದಿನ. ಸಾಲಿನಲ್ಲಿ ಒಬ್ಬರೂ ಅವರ ಮಾತೆತ್ತಲಿಲ್ಲ. 2017ರ ಮೇ ತಿಂಗಳಲ್ಲಿ ಚಿತ್ರ ಬಿಡುಗಡೆಯಾಯಿತು.

ನನ್ನ ಸೋದರಳಿಯನಿಗೆ ಏನು ಉತ್ತರ ಕೊಡಲಿ? ಗೊತ್ತಿರುವವರು ಹೇಳಿ.

ಗಾಂಧಿನಗರದ ಅಭಿಮಾನಿ

ಬೇಸರವಾಯಿತು ಸರ್. ಸತ್ತವರನ್ನು ಮತ್ತೆ ನೀರಿನಿಂದ ಎಳೆದು ತಂದು ರೀಲ್ಸ್ ಹುಡುಗರ ಪಕ್ಕ ನಿಲ್ಲಿಸಿದ್ದೀರಿ. ಅನಿಲ್, ಉದಯ್ ಹೆಸರಿನ ಹುಚ್ಚು ಹಿಡಿದು ಜಿಗಿದವರಲ್ಲ. ಚಿಕ್ಕ ಪಾತ್ರಗಳಿಂದ ಮೇಲೆ ಬರುತ್ತಿದ್ದ ಕಲಾವಿದರು, ಅಂದು ಕೆಲಸಕ್ಕೆ ಹೋಗಿದ್ದರು. ಕೆಲಸದ ಜಾಗದಲ್ಲಿ ರಕ್ಷಣೆ ಇರಲಿಲ್ಲ, ಸತ್ತರು. ಕಟ್ಟಡದ ಮೇಲಿಂದ ಗಾರೆ ಕೆಲಸದವನು ಬಿದ್ದರೆ ಅವನನ್ನು ‘ಪ್ರಚಾರದ ಗೀಳಿನವನು’ ಎನ್ನುತ್ತೀರಾ?

ಮಾಗಡಿ ರಸ್ತೆಯವ

ನೀವು ಹೇಳಿದ್ದು ಸರಿ, ಒಪ್ಪಿದೆ. ಗೀಳು ಅವರದ್ದಾಗಿರಲಿಲ್ಲ. ಹಾಗಾದರೆ ಅಂದು ಆ ದೃಶ್ಯ ‘ನಿಜವಾಗಿ’ ನಡೆಯಲೇಬೇಕು ಎಂಬ ಹಸಿವು ಯಾರದು? ನನ್ನದೂ ಅದರಲ್ಲಿ ಒಂದು ಪಾಲು ಇತ್ತು ಎಂಬುದೇ ನನ್ನ ಮುಜುಗರ.

ಭೌತಶಾಸ್ತ್ರದ ಮೇಷ್ಟ್ರು

ನೀರು ಮೆತ್ತಗಿರುತ್ತದೆ ಎಂಬ ನಂಬಿಕೆಯನ್ನು ಮೊದಲು ಬಿಡಬೇಕು. ಹತ್ತು ಮೀಟರ್ ಎತ್ತರದಿಂದ ಜಿಗಿದವನು ನೀರು ಮುಟ್ಟುವಾಗ ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗದಲ್ಲಿರುತ್ತಾನೆ. ವಿಶ್ವ ಚಾಂಪಿಯನ್‌ಷಿಪ್‌ನ ಹೈ ಡೈವಿಂಗ್‌ನಲ್ಲಿ ಪುರುಷರು 27 ಮೀಟರ್‌ನಿಂದ, ಮಹಿಳೆಯರು 20 ಮೀಟರ್‌ನಿಂದ ಜಿಗಿಯುತ್ತಾರೆ. 27 ಮೀಟರ್‌ನ ಲೆಕ್ಕ ಹಾಕಿದರೆ ವೇಗ 80 ಕಿಲೋಮೀಟರ್ ದಾಟುತ್ತದೆ. ವರ್ಷಗಟ್ಟಲೆ ಅಭ್ಯಾಸ ಮಾಡಿದ ಅವರೂ ತಲೆ ಮುಂದಾಗಿ ಬೀಳುವುದಿಲ್ಲ, ಪಾದ ಮುಂದಾಗಿ ಇಳಿಯುತ್ತಾರೆ. ಅವರು ಜಿಗಿಯುವ ಮೊದಲೇ ನೀರಿನಲ್ಲಿ ಮುಳುಗುಗಾರರು ಕಾದಿರುತ್ತಾರೆ. ದಡದಲ್ಲಲ್ಲ, ನೀರಿನಲ್ಲಿ. ಈ ವ್ಯತ್ಯಾಸವನ್ನು ಗಮನಿಸಿ. ಹೊಡೆತಕ್ಕೆ ಉಸಿರು ಕಟ್ಟಿದವನು ಈಜು ಬಲ್ಲವನಾದರೂ ಮೊದಲ ಕೆಲವು ಕ್ಷಣ ಕೈಕಾಲು ಆಡಿಸಲಾರ. ದೋಣಿ ಬರುವವರೆಗೆ ನೀರು ಕಾಯುವುದಿಲ್ಲ.

ತರಗತಿಯಲ್ಲಿ ಈ ಲೆಕ್ಕ ಮಾಡಿಸಿದಾಗ ಹುಡುಗನೊಬ್ಬ ಕೇಳಿದ: “ಸರ್, 27 ಮೀಟರ್ ಅಂದರೆ ಎಷ್ಟನೆಯ ಮಹಡಿ?” ಎಂಟು–ಒಂಬತ್ತನೆಯದು ಎಂದೆ. ಆಮೇಲೆ ಯಾಕೆ ಹೇಳಿದೆನೋ ಎನಿಸಿತು.

ಹಳೆಯ ಫೈಟರ್

ನಾನು ಎಂಟು ವರ್ಷ ಸಿನಿಮಾ ಫೈಟರ್ ಆಗಿದ್ದವನು. ಮಂಡಿ ಹೋದ ಮೇಲೆ ಬಿಟ್ಟೆ, ಈಗ ಚಿಕ್ಕ ಹೋಟೆಲ್ ಇದೆ. ‘ಡ್ಯೂಪ್ ಇಲ್ಲದೆ’ ಎಂಬ ಮಾತು ಒಳಗಿನವರಿಗೆ ಹೇಗೆ ಕೇಳಿಸುತ್ತದೆ ಎಂದು ಹೇಳುತ್ತೇನೆ.

ನಾನು ಬಿದ್ದೆ, ಹೆಸರು ಇನ್ನೊಬ್ಬರಿಗೆ ಹೋಯಿತು. ಅದರಲ್ಲಿ ನನಗೆ ಬೇಸರವಿಲ್ಲ. ಅದೇ ಕೆಲಸ, ಅದಕ್ಕೇ ಕೂಲಿ. ತೊಂದರೆ ಎಲ್ಲಿ ಎಂದರೆ, ನಾಯಕನೇ ಜಿಗಿಯುತ್ತೇನೆ ಎಂದು ನಿಂತ ದಿನ ಸುತ್ತಲಿನವರ ಬಾಯಿ ಕಟ್ಟಿಹೋಗುತ್ತದೆ. ಯಾವುದೇ ಒಂದು ಚಿತ್ರದ ಮಾತಲ್ಲ ಇದು, ನಾನೇ ಹಲವು ಕಡೆ ಕಂಡದ್ದು. “ಹೀರೋನೇ ಮಾಡುತ್ತಿದ್ದಾರೆ, ನಿನಗೇನು?” ಎಂದು ಯಾರೂ ಬಾಯಿಬಿಟ್ಟು ಕೇಳಬೇಕಾಗಿಲ್ಲ. ಅದು ಗಾಳಿಯಲ್ಲೇ ಇರುತ್ತದೆ. ನಾಯಕನಿಗೆ ಏನಾದರೂ ಆದರೆ ಚಿತ್ರವೇ ನಿಲ್ಲುತ್ತದೆ, ಆದ್ದರಿಂದ ಅವರ ಸುತ್ತ ಹತ್ತು ಕೈ ಇರುತ್ತವೆ. ಪಕ್ಕದವನ ಸುತ್ತ ಎಷ್ಟು ಕೈ ಎಂದು ಯಾರೂ ಎಣಿಸುವುದಿಲ್ಲ. ಭಯ ಎಂದು ಹೇಳಿದವನು ಅಂದಿನ ಕೆಲಸವನ್ನು ಮಾತ್ರ ಕಳೆದುಕೊಳ್ಳುವುದಿಲ್ಲ, ಮುಂದಿನ ಕರೆಯನ್ನೂ ಕಳೆದುಕೊಳ್ಳುತ್ತಾನೆ. ನಾನು ಒಮ್ಮೆ ಒಲ್ಲೆ ಎಂದಿದ್ದೆ. ಮೂರು ತಿಂಗಳು ಮನೆಯಲ್ಲಿ ಕುಳಿತೆ. ನಾಲ್ಕನೆಯ ತಿಂಗಳು ಕರೆ ಬಂದಾಗ ಏನು ಕೆಲಸ ಎಂದು ಕೇಳಲಿಲ್ಲ, ಹೋದೆ. ಮಂಡಿ ಹೋದದ್ದು ಅಲ್ಲಿ.

ಸಾಹಸ ಎಂದರೆ ಧೈರ್ಯ ಎಂದು ಹೊರಗಿನವರು ತಿಳಿದಿದ್ದಾರೆ. ಅದು ಮುಕ್ಕಾಲು ಪಾಲು ತಯಾರಿ. ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಜೋಡಿಸುವುದು, ಮೇಲೆ ಹಾಸಿಗೆ, ಹಗ್ಗದ ಗಂಟು, ಕೊಕ್ಕೆ, ಎಳೆಯುವವರು ಎಷ್ಟು ಜನ, ತಲೆಯ ಮೇಲೆ ತಂತಿ ಹೋಗಿದೆಯೇ. ಈ ಕೊನೆಯದನ್ನು ಮತ್ತೆ ಹೇಳುತ್ತೇನೆ, ತಲೆಯ ಮೇಲೆ ತಂತಿ ಹೋಗಿದೆಯೇ. 2021ರ ಆಗಸ್ಟ್ 9ರಂದು ಬಿಡದಿ ಬಳಿ ‘ಲವ್ ಯು ರಚ್ಚು’ ಚಿತ್ರೀಕರಣದಲ್ಲಿ ಹೈಟೆನ್ಷನ್ ತಂತಿಯ ವಿದ್ಯುತ್ ಹರಿದು ಒಬ್ಬ ಯುವ ಫೈಟರ್ ಸತ್ತ. ತಿಪ್ಪಗೊಂಡನಹಳ್ಳಿಯಾಗಿ ಐದು ವರ್ಷ ತುಂಬಿರಲಿಲ್ಲ. 2025ರ ಜುಲೈನಲ್ಲಿ ತಮಿಳುನಾಡಿನ ನಾಗಪಟ್ಟಿಣಂ ಜಿಲ್ಲೆಯಲ್ಲಿ ಕಾರು ಉರುಳಿಸುವ ದೃಶ್ಯದಲ್ಲಿ ಸ್ಟಂಟ್ ಕಲಾವಿದ ರಾಜು ಹೋದರು. ಎಷ್ಟು ಸಲ ಕಾರು ಹಾರಿಸಿದ್ದರೋ ಆ ಮನುಷ್ಯ. ಅನುಭವ ಇದ್ದವರೇ ಹೀಗೆ.

ಮಾಗಡಿ ರಸ್ತೆಯವರೇ, ನಿಮ್ಮ ಸೋದರಳಿಯನಿಗೆ ಇಷ್ಟು ಹೇಳಿ: ಅವನು ನಾಯಕ, ಡ್ಯೂಪ್, ಸಾಹಸ ನಿರ್ದೇಶಕ, ಹಗ್ಗ ಎಳೆಯುವವ, ಎಲ್ಲವೂ ಅವನೊಬ್ಬನೇ. ಪೆಟ್ಟಿಗೆ ಜೋಡಿಸಿದವರು ಯಾರು ಎಂದು ಕೇಳಿ.

ಅಂಕಿ ಸಂಖ್ಯೆ

ಚರ್ಚೆಗೆ ಒಂದು ಲೆಕ್ಕ. ದೆಹಲಿಯ ಏಮ್ಸ್ ವೈದ್ಯರ ತಂಡ 2011ರ ಅಕ್ಟೋಬರ್‌ನಿಂದ 2017ರ ನವೆಂಬರ್‌ವರೆಗಿನ ಸೆಲ್ಫಿ ಸಾವುಗಳನ್ನು ಹುಡುಕಿ ಪಟ್ಟಿ ಮಾಡಿತ್ತು. ಜಗತ್ತಿನಲ್ಲಿ 259, ಅದರಲ್ಲಿ ಭಾರತದ್ದೇ 159. ಸತ್ತವರ ಸರಾಸರಿ ವಯಸ್ಸು 23ರ ಆಸುಪಾಸು, ನಾಲ್ವರಲ್ಲಿ ಸುಮಾರು ಮೂವರು ಗಂಡಸರು. ಇದು ಸುದ್ದಿಯಾದ ಪ್ರಕರಣಗಳ ಎಣಿಕೆ ಮಾತ್ರ. ‘ಬೈಕ್ ಸ್ಕಿಡ್ ಆಗಿ ಸಾವು’ ಎಂದು ಬರೆಸಿಕೊಂಡವರು, ಕೈಕಾಲು ಕಳೆದುಕೊಂಡು ಬದುಕಿದವರು ಇದರಲ್ಲಿಲ್ಲ.

ರಾತ್ರಿ ಪಾಳಿ

ಬದುಕಿದವರ ಮಾತು ಬಂತಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ನಾನು ನರ್ಸ್. ಬೆನ್ನುಹುರಿಗೆ ಪೆಟ್ಟಾದವರ ವಾರ್ಡಿನಲ್ಲಿ ಹನ್ನೊಂದು ವರ್ಷ. ಊರು, ಆಸ್ಪತ್ರೆ ಹೇಳುವುದಿಲ್ಲ.

ವ್ಹೀಲಿಂಗ್ ಮಾಡಲು ಹೋಗಿ ಬಿದ್ದ ಹುಡುಗನೊಬ್ಬ ಬಂದಿದ್ದ. ಕುತ್ತಿಗೆಯ ಕೆಳಗೆ ಏನೂ ಆಡುತ್ತಿರಲಿಲ್ಲ. ಮೊದಲ ವಾರ ಗೆಳೆಯರ ದಂಡೇ ಇತ್ತು. ಬಾಗಿಲಲ್ಲಿ ನಿಲ್ಲಿಸಿ ಮೊಬೈಲ್ ಒಳಗೆ ಇಡಿ ಎಂದು ಗದರಬೇಕಾಗುತ್ತಿತ್ತು. ಮೂರನೆಯ ವಾರಕ್ಕೆ ಇಬ್ಬರು. ಎರಡು ತಿಂಗಳಾದ ಮೇಲೆ ಅವನ ತಾಯಿ ಒಬ್ಬರೇ. ಹಾಸಿಗೆ ಹುಣ್ಣು ಆಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ನಾವು ಕಲಿಸಿಕೊಟ್ಟೆವು. ಅರವತ್ತು ಕಿಲೋ ತೂಕದ ಮಗನನ್ನು ನಲವತ್ತೈದು ಕಿಲೋದ ತಾಯಿ ಹೊರಳಿಸಬೇಕು. ಮೂತ್ರದ ನಳಿಕೆ ಬದಲಿಸುವುದು, ಮಲ ತೆಗೆಯುವುದು, ಜ್ವರ ಬಂದರೆ ಸೋಂಕು ಎಲ್ಲಿಂದ ಎಂದು ಹುಡುಕುವುದು. ಆಕೆ ಊರಿನಲ್ಲಿದ್ದ ಎರಡು ಎಮ್ಮೆ ಮಾರಿದ್ದರು. ಒಂದು ದಿನ ನನ್ನನ್ನು ಕೇಳಿದರು: “ಸಿಸ್ಟರ್, ನಾನು ಹೋದ ಮೇಲೆ ಇವನನ್ನು ಯಾರು ಹೊರಳಿಸುತ್ತಾರೆ?”

ಆ ವಿಡಿಯೊ ಈಗಲೂ ಇದೆ. ಗೆಳೆಯರೇ ಹಾಕಿದ್ದು. ಹುಡುಗ ನನಗೆ ತೋರಿಸಿದ, ಅಂದರೆ ಎಲ್ಲಿ ಹುಡುಕಬೇಕೆಂದು ಹೇಳಿದ, ನಾನು ತೆರೆದು ಅವನ ಮುಖದ ಮುಂದೆ ಹಿಡಿದೆ. ಚಕ್ರ ಮೇಲಕ್ಕೆ ಏಳುತ್ತದೆ, ನೇರವಾಗಿ ನಿಲ್ಲುತ್ತದೆ, ಅಲ್ಲಿಗೆ ಕತ್ತರಿಸಿದ್ದಾರೆ. ಬೀಳುವುದು ಅದರಲ್ಲಿಲ್ಲ. ಕೆಳಗೆ ಬೆಂಕಿಯ ಚಿತ್ರಗಳು, ಚಪ್ಪಾಳೆಯ ಚಿತ್ರಗಳು.

ಮಾಗಡಿ ರಸ್ತೆಯವ

ಇದನ್ನು ತಂಗಿಗೆ ಓದಿ ಹೇಳಿದೆ. ಅವಳು ಎದ್ದು ಒಳಗೆ ಹೋದಳು.

ಕೊಲ್ಲೂರಿನ ಮಳೆ

ನಮ್ಮ ಕಡೆಯದೂ ಸೇರಿಸಿ. 2023ರ ಜುಲೈನಲ್ಲಿ ಅರಶಿನಗುಂಡಿ ಜಲಪಾತದಲ್ಲಿ ಯುವಕನೊಬ್ಬ ಕಾಲು ಜಾರಿ ಹೋದದ್ದನ್ನು ನೀವೆಲ್ಲ ನೋಡಿರುತ್ತೀರಿ, ಗೆಳೆಯ ಚಿತ್ರೀಕರಿಸುತ್ತಿದ್ದ ವಿಡಿಯೊ ಎಲ್ಲೆಡೆ ಹರಿದಾಡಿತು. ಅವನು ಯಾವ ಸಾಹಸವನ್ನೂ ಮಾಡುತ್ತಿರಲಿಲ್ಲ, ಬಂಡೆಯ ಮೇಲೆ ನೀರು ನೋಡುತ್ತ ನಿಂತಿದ್ದ, ಅಷ್ಟೇ. ಆಷಾಢದ ಬಂಡೆಯ ಮೇಲೆ ಪಾಚಿ ಕಣ್ಣಿಗೆ ಕಾಣುವುದಿಲ್ಲ, ಕಾಲಿಗೆ ಮಾತ್ರ ತಿಳಿಯುತ್ತದೆ. ದೇಹ ಸಿಗಲು ಒಂದು ವಾರ ಹಿಡಿಯಿತು. ಆ ವಾರವೆಲ್ಲ ಜಡಿಮಳೆ, ಇಂಬಳ, ಕಾಡು. ಅಂಥ ಹರಿವಿನ ಪಕ್ಕದಲ್ಲಿ ಹಗ್ಗ ಕಟ್ಟಿಕೊಂಡು ಬಂಡೆ ಸಂದಿಯಲ್ಲಿ ಹುಡುಕುವವರಿಗೂ ಮನೆಯಲ್ಲಿ ಹೆಂಡತಿ ಮಕ್ಕಳಿರುತ್ತಾರೆ.

ಬೋರ್ಡು ಹಾಕಿದರೆ ಆ ಬೋರ್ಡಿಗೇ ಒರಗಿ ಫೋಟೊ ತೆಗೆಸಿಕೊಳ್ಳುತ್ತಾರೆ. ನನಗೆ ಮೆಚ್ಚುಗೆಯಾದ ಒಂದೇ ಉಪಾಯ ಚಾರ್ಮಾಡಿ ಘಾಟಿಯದು. 2024ರ ಜುಲೈನಲ್ಲಿ ನಿಷೇಧವಿದ್ದರೂ ಜಲಪಾತದ ಬಂಡೆ ಹತ್ತಿದವರ ಬಟ್ಟೆಗಳನ್ನು ಪೊಲೀಸರು ಜೀಪಿಗೆ ಹಾಕಿಕೊಂಡು ಹೊರಟರು. ಚಡ್ಡಿಯಲ್ಲಿ ಜೀಪಿನ ಹಿಂದೆ ಅಂಗಲಾಚಿದ ಆ ವೀರರು ಅಂದು ವಿಡಿಯೊ ಮಾಡಿಕೊಂಡಿರಲಾರರು.

ಕೋಟೆ ಮೆಟ್ಟಿಲು

ಚಿತ್ರದುರ್ಗದವನು ನಾನು. ಹುಡುಕಲು ಹೋಗುವವರ ಮಾತು ಬಂದದ್ದಕ್ಕೆ ‘ಕೋತಿರಾಜ್’ ಎಂದೇ ಎಲ್ಲರೂ ಕರೆಯುವ ಜ್ಯೋತಿರಾಜ್ ನೆನಪಾದರು. ಅವರು ನಮ್ಮ ಕೋಟೆಯ ಗೋಡೆಯನ್ನು ಹಗ್ಗವಿಲ್ಲದೆ ಏರುವುದನ್ನು ಪ್ರವಾಸಿಗರ ಜೊತೆ ನಿಂತು ಎಷ್ಟೋ ಸಲ ನೋಡಿದ್ದೇನೆ. ಹೆಸರು ಬಂದದ್ದು ಅದರಿಂದ. ಹೆಸರು ಬಂದ ಮೇಲೆ ಕರೆ ಬರತೊಡಗಿದ್ದು ಜೋಗದ ಕಣಿವೆಯಿಂದ ಹೆಣ ಮೇಲೆ ತರಲು. 2018ರ ಫೆಬ್ರುವರಿಯಲ್ಲಿ ಹಾಗೆ ಇಳಿದವರು ಮೇಲೆ ಬರಲೇ ಇಲ್ಲ, ಇಡೀ ರಾತ್ರಿ ಊರಿಗೆ ಊರೇ ಆತಂಕದಲ್ಲಿತ್ತು. ಮರುದಿನ ಜೀವಂತವಾಗಿ ಸಿಕ್ಕರು.

ಅವರು ಏರುವುದನ್ನು ನೋಡಿ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ, ಈಗ ಹೋದರೂ ತಟ್ಟುತ್ತೇನೆ ಎನಿಸುತ್ತದೆ. ಈ ಚರ್ಚೆ ಓದಿದ ಮೇಲೂ.

ಶೆನ್ಜೆನ್‌ನಲ್ಲಿ ಇದ್ದವನು

ಕೆಲಸದ ಮೇಲೆ ನಾನು ಮೂರು ವರ್ಷ ಚೀನಾದಲ್ಲಿದ್ದೆ. ಅಲ್ಲಿ ಎಲ್ಲರ ಬಾಯಲ್ಲಿದ್ದ ಒಂದು ಹೆಸರು ವು ಯೊಂಗ್‌ನಿಂಗ್. ಹುನಾನ್ ಪ್ರಾಂತ್ಯದ ಹುಡುಗ, ಹೆಂಗ್‌ಡಿಯನ್‌ನ ಚಿತ್ರನಗರಿಯಲ್ಲಿ ಸಹಕಲಾವಿದನಾಗಿ ದುಡಿದವನು. ಅಂದರೆ ಅವನೂ ಹೀರೋನ ಹಿಂದಿನ ಗುಂಪಿನಲ್ಲಿ ನಿಂತವನೇ. ಆಮೇಲೆ ಹಗ್ಗವಿಲ್ಲದೆ ಗಗನಚುಂಬಿ ಕಟ್ಟಡಗಳ ತುದಿಯಲ್ಲಿ ನೇತಾಡುವ ವಿಡಿಯೊ ಮಾಡತೊಡಗಿದ. 2017ರ ನವೆಂಬರ್ 8ರಂದು ಚಾಂಗ್‌ಶಾ ನಗರದ 62 ಅಂತಸ್ತಿನ ಕಟ್ಟಡದ ಅಂಚು ಹಿಡಿದು ನೇತಾಡಿದ, ಮೇಲೆ ಬರಲು ಯತ್ನಿಸಿದ, ಕೈ ಸೋತಿತು. ಎದುರಿಗೆ ಅವನೇ ಇಟ್ಟಿದ್ದ ಕ್ಯಾಮೆರಾ ಎಲ್ಲವನ್ನೂ ದಾಖಲಿಸಿತು. ವಯಸ್ಸು 26. ತಾಯಿಯ ಚಿಕಿತ್ಸೆಗೆ, ತನ್ನ ಮದುವೆಗೆ ಹಣ ಬೇಕಿತ್ತು ಎಂದು ಮನೆಯವರು ಹೇಳಿದ್ದರು. ಹಿಂಬಾಲಕರಿಗೆ ಅವನ ಸಾವು ತಿಳಿದದ್ದು ತಿಂಗಳ ನಂತರ. ಹೊಸ ವಿಡಿಯೊ ಯಾಕೆ ಬರಲಿಲ್ಲ ಎಂದು ಅಲ್ಲಿಯವರೆಗೆ ಕೇಳುತ್ತಲೇ ಇದ್ದರು.

ತಾಯಿ ಸುಮ್ಮನಿರಲಿಲ್ಲ. ವಿಡಿಯೊ ತಾಣದ ಮೇಲೆ ದಾವೆ ಹೂಡಿದರು. ತಾಣ ಅವನನ್ನು ತನ್ನ ಪ್ರಚಾರಕ್ಕೂ ಬಳಸಿಕೊಂಡಿತ್ತು. ಬೀಜಿಂಗ್ ಇಂಟರ್‌ನೆಟ್ ನ್ಯಾಯಾಲಯ 2019ರಲ್ಲಿ, ಮುಖ್ಯ ಹೊಣೆ ಅವನದೇ ಆದರೂ ತಾಣದ್ದೂ ಪಾಲಿದೆ ಎಂದು ತೀರ್ಪಿತ್ತು 30,000 ಯುವಾನ್ ಕೊಡಿಸಿತು. ಆಗಿನ ನಮ್ಮ ಲೆಕ್ಕದಲ್ಲಿ ಸುಮಾರು ಮೂರು ಲಕ್ಷ ರೂಪಾಯಿ. ಮೊತ್ತ ಸಣ್ಣದು. ಆದರೆ ನೋಡಿಸಿ ದುಡಿದವರಿಗೂ ಹೊಣೆ ಇದೆ ಎಂದು ಒಂದು ನ್ಯಾಯಾಲಯ ಬರೆದಿಟ್ಟಿತಲ್ಲ, ನಮ್ಮಲ್ಲಿ ಅಷ್ಟಾದರೂ ಆಗಲಿ ಎನ್ನುವವನು ನಾನು.

ವಕೀಲಿ ವೃತ್ತಿಯವ

ಮೂಲ ಬರಹಕ್ಕೆ ಮರಳುತ್ತೇನೆ. ಹುಡುಗನಿಗೆ ಹದಿನೇಳು ಎಂದಿರಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 199ಎ ಕಲಂ ಪ್ರಕಾರ ಅಪ್ರಾಪ್ತ ವಯಸ್ಕ ವಾಹನ ಓಡಿಸಿ ಅಪರಾಧ ಎಸಗಿದರೆ ಪೋಷಕನಿಗೆ ಅಥವಾ ವಾಹನದ ಮಾಲೀಕನಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ನೋಂದಣಿ ರದ್ದು. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ. ಗಾಡಿ ಯಾರ ಹೆಸರಿನಲ್ಲಿದೆ?

ಮಾಗಡಿ ರಸ್ತೆಯವ

ನನ್ನ ಹೆಸರಿನಲ್ಲಿ. ಕೀ ಈಗ ಬೀರುವಿನಲ್ಲಿದೆ. ಅವನಿಗೆ ಕೊಟ್ಟವನೂ ನಾನೇ, ಹತ್ತನೆಯ ತರಗತಿ ಪಾಸಾದದ್ದಕ್ಕೆ.

ಇಪ್ಪತ್ತೆರಡು

ಇಷ್ಟು ಹೊತ್ತು ಓದುತ್ತಿದ್ದೆ. ನೀವು ಬೈಯುತ್ತಿರುವ ಹುಡುಗರಲ್ಲಿ ನಾನೂ ಒಬ್ಬ, ಬೈಕ್ ಅಲ್ಲ, ಜಿಗಿತ. ಗೋಡೆಯಿಂದ ಗೋಡೆಗೆ, ಮಾಳಿಗೆಯಿಂದ ಮಾಳಿಗೆಗೆ. ನಿಮ್ಮಲ್ಲಿ ಒಬ್ಬರೂ ನಾವು ಯಾಕೆ ಮಾಡುತ್ತೇವೆ ಎಂದು ಕೇಳಲಿಲ್ಲ.

ನಾನು ಗೋದಾಮಿನಲ್ಲಿ ಪಾರ್ಸೆಲ್ ವಿಂಗಡಿಸುತ್ತೇನೆ. ಅಲ್ಲಿ ನನಗೆ ಹೆಸರಿಲ್ಲ, ನಂಬರ್ ಇದೆ. ಬೀದಿಯಲ್ಲಿ ನಾನು ‘ಕೊನೆಯ ಮನೆಯವರ ಹುಡುಗ’. ಮೊದಲ ವಿಡಿಯೊ ಓಡಿದ ವಾರ ಚಹಾ ಅಂಗಡಿಯಲ್ಲಿ ಗುರುತು ಪರಿಚಯವಿಲ್ಲದವನೊಬ್ಬ ನನ್ನ ಹೆಸರು ಹಿಡಿದು ಕರೆದ. ಅದು ಹೇಗಿತ್ತು ಎಂದು ನಿಮಗೆ ಹೇಳಿ ಅರ್ಥ ಮಾಡಿಸಲಾರೆ. ಆಮೇಲೆ ಅದೇ ಜಿಗಿತಕ್ಕೆ ಅಷ್ಟು ಜನ ಬರಲಿಲ್ಲ. ಸ್ವಲ್ಪ ಎತ್ತರ ಮಾಡಿದೆ, ಬಂದರು. ಇದೇ ಲೆಕ್ಕ.

ಬುದ್ಧಿ ಹೇಳುವವರದೂ ಗೊತ್ತಿದೆ. 2024ರ ಆಗಸ್ಟ್‌ನಲ್ಲಿ ನೆಲಮಂಗಲದ ಕಡೆ ವ್ಹೀಲಿಂಗ್ ಮಾಡುತ್ತಿದ್ದವರ ಎರಡು ಗಾಡಿಗಳನ್ನು ಜನ ಮೇಲ್ಸೇತುವೆಯಿಂದ ಕೆಳಗೆ ಎಸೆದರಲ್ಲ, ಅದನ್ನೂ ನಿಂತು ವಿಡಿಯೊ ಮಾಡಿ ಹಂಚಿದರು. ನೀವೆಲ್ಲ ನೋಡಿದ್ದೀರಿ.

ನರ್ಸ್ ಅಕ್ಕ ಬರೆದದ್ದನ್ನು ಎರಡು ಸಲ ಓದಿದೆ.

ರಾತ್ರಿ ಪಾಳಿ

ತಮ್ಮಾ, ನಿನ್ನ ಜೊತೆ ವಿಡಿಯೊ ಮಾಡುವವರು ಯಾರು? ಏನಾದರೂ ಆದರೆ ಮೈ ಅಲುಗಾಡಿಸಬಾರದು, ಕುತ್ತಿಗೆ ನೇರ ಹಿಡಿದು ಆಂಬುಲೆನ್ಸ್ ಬರುವವರೆಗೆ ಕಾಯಬೇಕು ಎಂದು ಅವನಿಗೆ ಗೊತ್ತಿದೆಯೇ? ಆಟೊದಲ್ಲಿ ಮಡಚಿ ಕೂರಿಸಿಕೊಂಡು ತಂದು ಉಳಿದದ್ದನ್ನೂ ಕೆಡಿಸಿದವರನ್ನು ನಾನು ನೋಡಿದ್ದೇನೆ.

ಇಪ್ಪತ್ತೆರಡು

ಗೊತ್ತಿಲ್ಲ ಅಕ್ಕ. ನನ್ನ ತಮ್ಮ ಮಾಡುತ್ತಾನೆ. ಒಂಬತ್ತನೆಯ ತರಗತಿ.

ಫೈಟರ್ ಸರ್, ಒಂದು ಕೇಳಲೇ? ಎರಡನೆಯ ಮಹಡಿಯಿಂದ ಆದರೆ ರಟ್ಟಿನ ಪೆಟ್ಟಿಗೆ ಎಷ್ಟು ಬೇಕಾಗುತ್ತದೆ? ಗೋದಾಮಿನಲ್ಲಿ ಖಾಲಿಯದು ಸಿಗುತ್ತದೆ.

ಹಳೆಯ ಫೈಟರ್

ಪೆಟ್ಟಿಗೆಯ ಲೆಕ್ಕ ಇಲ್ಲಿ ಬರೆಯುವುದಿಲ್ಲ. ಯಾವಾಗ ಜಿಗಿಯಬೇಕೆಂದಿದ್ದೀಯ? ಇಂದು ಏನೂ ಮಾಡಬೇಡ. ನನ್ನ ಹೋಟೆಲ್ ಎಲ್ಲಿದೆ ಎಂದು ನಿನಗೆ ಖಾಸಗಿಯಾಗಿ ಕಳುಹಿಸಿದ್ದೇನೆ. ಬೆಳಗ್ಗೆ ಆರಕ್ಕೆ ತೆಗೆಯುತ್ತೇನೆ. ತಮ್ಮನನ್ನೂ ಕರೆದುಕೊಂಡು ಬಾ.